ಷರತ್ತು ಮುರಿದರೆ ಜೈಲೇ? ಜಾಲತಾಣದ ಕರಾರು ಮತ್ತು ಕ್ರಿಮಿನಲ್ ಕಾನೂನು

ಬೆಳಿಗ್ಗೆ ಹತ್ತೂವರೆ ದಾಟಿತೆಂದರೆ ಕೊಪ್ಪಳ, ಗಂಗಾವತಿಯ ಆನ್‌ಲೈನ್ ಸೆಂಟರುಗಳಲ್ಲಿ ಗಡಿಬಿಡಿ ಶುರುವಾಗುತ್ತದೆ. ಹನ್ನೊಂದಕ್ಕೆ ಸ್ಲೀಪರ್ ದರ್ಜೆಯ ತತ್ಕಾಲ್ ಬುಕಿಂಗ್ ತೆರೆಯುತ್ತದೆ. ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುವವರು, ಆಸ್ಪತ್ರೆಗೆ ಹೊರಟವರು, ಮಗನನ್ನು ಕಾಲೇಜಿಗೆ ಬಿಟ್ಟು ಬರಬೇಕಾದವರು ಬಾಗಿಲಲ್ಲಿ ನಿಂತಿರುತ್ತಾರೆ. ಕಂಪ್ಯೂಟರ್ ಮುಂದೆ ಕೂತ ಹುಡುಗ ಹೆಸರು, ವಯಸ್ಸು ಮೊದಲೇ ತುಂಬಿಟ್ಟುಕೊಂಡು, ‘ಓಟಿಪಿ ಬಂತೇನ್ ನೋಡ್ರಿ ಯಕ್ಕಾ, ಲಗೂನ ಹೇಳ್ರಿ’ ಎನ್ನುತ್ತಾನೆ. ಮೇಜಿನ ಮೇಲೆ ಅಂಚು ಹರಿದ ನೋಟ್‌ಬುಕ್ಕು. ಅದರೊಳಗೆ ಗಿರಾಕಿಗಳ ಯೂಸರ್ ಐಡಿ, ಪಾಸ್‌ವರ್ಡು ಸಾಲಾಗಿ ಬರೆದಿವೆ. ಯಾಕೆಂದರೆ ಅಕ್ಕನಿಗೆ ತನ್ನ ಪಾಸ್‌ವರ್ಡು ನೆನಪಿರುವುದಿಲ್ಲ. ಪುಟದ ಕೆಳಗೆ ಎಲ್ಲ ಷರತ್ತುಗಳನ್ನೂ ಒಪ್ಪಿದ್ದೇನೆ ಎಂಬ ಚೌಕಕ್ಕೆ ಹುಡುಗನೇ ಟಿಕ್ ಹಾಕುತ್ತಾನೆ. ಷರತ್ತನ್ನು ಅವನೂ ಓದಿಲ್ಲ, ಅಕ್ಕನೂ ಓದಿಲ್ಲ.

ಬಹುತೇಕ ಜಾಲತಾಣಗಳ ಷರತ್ತಿನಲ್ಲಿ ‘ಪಾಸ್‌ವರ್ಡನ್ನು ಬೇರೆಯವರಿಗೆ ಕೊಡಬಾರದು’ ಎಂದಿರುತ್ತದೆ. ಹಾಗಾದರೆ ಈ ನೋಟ್‌ಬುಕ್ಕಿನ ಪ್ರತಿ ಸಾಲೂ ಒಂದೊಂದು ಷರತ್ತು ಮುರಿದ ಸಾಕ್ಷಿ. ಇದು ಅಪರಾಧವೇ? ಪೊಲೀಸರು ಬಂದು ಹುಡುಗನನ್ನು ಕರೆದೊಯ್ಯಬಹುದೇ? ಈ ಉಪನ್ಯಾಸ ಎತ್ತಿಕೊಂಡಿರುವ ಪ್ರಶ್ನೆ ಅದೇ. ಕೊಪ್ಪಳದಂಥ ಜಿಲ್ಲೆಗೆ ಇದು ದೂರದ ಪ್ರಶ್ನೆಯಲ್ಲ. ಪಹಣಿ, ಜಾತಿ-ಆದಾಯ ಪ್ರಮಾಣಪತ್ರ, ಬೆಳೆ ವಿಮೆ, ಗೃಹಲಕ್ಷ್ಮಿ ಅರ್ಜಿ, ಎಲ್ಲವೂ ಈಗ ಯಾವುದೋ ಒಂದು ಲಾಗಿನ್‌ನ ಆಚೆಗಿವೆ. ಆ ಲಾಗಿನ್ನನ್ನು ದಾಟಿಸುವುದು ಹೆಚ್ಚಾಗಿ ಇನ್ನೊಬ್ಬರ ಕೈ.

ಕಾನೂನಿನ ಮೂಲಕ್ಕೇ ಹೋಗಿ ನೋಡಬೇಕು. ಮಾಹಿತಿ ತಂತ್ರಜ್ಞಾನ ಕಾಯ್ದೆ ಬಂದದ್ದು 2000ದಲ್ಲಿ. ಅದರ 43ನೇ ಸೆಕ್ಷನ್, ಮಾಲೀಕರ ಅಥವಾ ಉಸ್ತುವಾರಿ ಹೊತ್ತವರ ಅನುಮತಿಯಿಲ್ಲದೆ ಕಂಪ್ಯೂಟರಿನೊಳಗೆ ಹೋಗುವುದು, ಅಲ್ಲಿಂದ ಮಾಹಿತಿ ಇಳಿಸಿಕೊಳ್ಳುವುದು, ನಕಲು ಮಾಡುವುದು ಮುಂತಾದ ಕೃತ್ಯಗಳ ಪಟ್ಟಿ ಕೊಡುತ್ತದೆ. ಮೊದಲು ಇದು ಪೂರ್ತಿ ಪರಿಹಾರದ ಬಾಬತ್ತು. ನಷ್ಟ ಮಾಡಿದವನು ಹಣ ಕಟ್ಟಿಕೊಡಬೇಕು, ಅಷ್ಟೇ. ಜೈಲಿನ ಮಾತು ಬೇರೆ ಸೆಕ್ಷನ್ನಿನಲ್ಲಿತ್ತು. ಅದಕ್ಕೆ ಮಾಹಿತಿಯನ್ನು ನಾಶಮಾಡಿರಬೇಕು, ಅಳಿಸಿರಬೇಕು, ತಿದ್ದಿರಬೇಕು, ಅಥವಾ ಅಂಥದೇ ಹಾನಿ ಮಾಡಿರಬೇಕು.

2008ರ ತಿದ್ದುಪಡಿ ಈ ಗೋಡೆಯನ್ನು ಕೆಡವಿತು. 2009ರ ಅಕ್ಟೋಬರ್ 27ರಿಂದ ಜಾರಿಗೆ ಬಂದ ಹೊಸ 66ನೇ ಸೆಕ್ಷನ್ ಪ್ರಕಾರ, 43ರಲ್ಲಿ ಹೇಳಿದ ಯಾವುದೇ ಕೆಲಸವನ್ನು ಅಪ್ರಾಮಾಣಿಕವಾಗಿ ಇಲ್ಲವೆ ವಂಚನೆಯ ಉದ್ದೇಶದಿಂದ ಮಾಡಿದರೆ ಮೂರು ವರ್ಷದವರೆಗೆ ಸಜೆ, ಐದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಅಂದರೆ ಪರಿಹಾರ ಕೊಡಬೇಕಾದ ತಪ್ಪಿಗೂ ಜೈಲಿಗೆ ಹೋಗಬೇಕಾದ ತಪ್ಪಿಗೂ ನಡುವೆ ಉಳಿದದ್ದು ಮನಸ್ಸಿನ ಉದ್ದೇಶವೊಂದೇ. ಒಬ್ಬರಿಗೆ ಅಕ್ರಮ ಲಾಭ ಅಥವಾ ಇನ್ನೊಬ್ಬರಿಗೆ ಅಕ್ರಮ ನಷ್ಟ ಮಾಡುವ ಉದ್ದೇಶವಿತ್ತೇ ಎಂಬುದನ್ನು ಸಾಬೀತು ಮಾಡಬೇಕು.

ಇಲ್ಲಿಯೇ ಷರತ್ತುಪತ್ರದ ಪ್ರಶ್ನೆ ಮೆಲ್ಲನೆ ಒಳಗೆ ಬರುವುದು. ಅನುಮತಿ ಎಲ್ಲಿದೆ, ಎಲ್ಲಿಲ್ಲ ಎಂದು ತಿಳಿಯುವುದು ಹೇಗೆ? ಕಂಪನಿಯ ವಕೀಲರು ಹೇಳುತ್ತಾರೆ: ನಮ್ಮ ಷರತ್ತು ನೋಡಿ, ಅದನ್ನು ಮೀರಿದ ಕ್ಷಣವೇ ಅನುಮತಿ ಹೋಯಿತು. ಈ ವಾದ ಒಪ್ಪಿದರೆ ಯಾವುದು ಅಪರಾಧ ಎಂದು ತೀರ್ಮಾನಿಸುವ ಅಧಿಕಾರ ಸಂಸತ್ತಿನಿಂದ ಜಾರಿ ಖಾಸಗಿ ಕಂಪನಿಯ ಕಾನೂನು ವಿಭಾಗಕ್ಕೆ ಹೋಗುತ್ತದೆ. ಕಂಪನಿ ಆ ಷರತ್ತನ್ನು ನಾಳೆ ಬದಲಿಸಬಹುದು. ಬದಲಿಸಿದ ಷರತ್ತು ಕನ್ನಡದಲ್ಲಿ ಸಿಗುವುದು ಅಪರೂಪ. ಶಿಕ್ಷೆಯ ಕಾನೂನು ಯಾವ ಪ್ರಜೆಗೂ ಹೀಗೆ ತಿಳಿಯದ ಭಾಷೆಯಲ್ಲಿ, ತಿಳಿಯದ ದಿನ ಬದಲಾಗಕೂಡದು.

ರೈಲ್ವೆ ಟಿಕೆಟಿನ ವಿಷಯದಲ್ಲಿ ಸುಪ್ರೀಂ ಕೋರ್ಟ್ ಕರಾರು ಮುರಿಯುವುದಕ್ಕೂ ಅಪರಾಧಕ್ಕೂ ನಡುವಿನ ಗೆರೆಯನ್ನು ಸ್ಪಷ್ಟವಾಗಿ ಎಳೆದಿದೆ. ಆ ತೀರ್ಪನ್ನು ಈ ಜಿಲ್ಲೆಯ ಪ್ರತಿ ಆನ್‌ಲೈನ್ ಸೆಂಟರಿನವರೂ ತಿಳಿದಿರಬೇಕು.

ಆ ತೀರ್ಪಿಗೆ ಮೊದಲು, 2024ರ ಜೂನ್‌ನಲ್ಲಿ ಒಂದು ಸುದ್ದಿ ಮೊಬೈಲಿನಿಂದ ಮೊಬೈಲಿಗೆ ಓಡಿತು. ನಿಮ್ಮ ಐಆರ್‌ಸಿಟಿಸಿ ಖಾತೆಯಿಂದ ಬೇರೆ ಅಡ್ಡಹೆಸರಿನವರಿಗೆ ಟಿಕೆಟ್ ಮಾಡಿಸಿದರೆ ಮೂರು ವರ್ಷ ಜೈಲು, ಹತ್ತು ಸಾವಿರ ದಂಡ ಎಂಬುದು ಅದರ ಸಾರ. ಜನ ಗಾಬರಿಯಾದರು. ಅಳಿಯನಿಗೆ ಟಿಕೆಟ್ ತೆಗೆದ ಮಾವನೂ ಅಪರಾಧಿಯೇ? ರೈಲ್ವೆ ಇಲಾಖೆಯೇ ಮುಂದೆ ಬಂದು, ಅದು ದಾರಿ ತಪ್ಪಿಸುವ ಸುದ್ದಿ, ಸ್ನೇಹಿತರಿಗೆ, ಬಂಧುಗಳಿಗೆ ವೈಯಕ್ತಿಕ ಖಾತೆಯಿಂದ ಟಿಕೆಟ್ ಮಾಡಿಸಬಹುದು, ಮಾರಾಟ ಮಾಡಿದರೆ ಮಾತ್ರ ಅಪರಾಧ ಎಂದು ಸ್ಪಷ್ಟಪಡಿಸಬೇಕಾಯಿತು. ಸುದ್ದಿಯಲ್ಲಿದ್ದ ಮೂರು ವರ್ಷ, ಹತ್ತು ಸಾವಿರ ಮಾತ್ರ ಸುಳ್ಳಲ್ಲ. 1989ರ ರೈಲ್ವೆ ಕಾಯ್ದೆಯ 143ನೇ ಸೆಕ್ಷನ್ನಿನ ಶಿಕ್ಷೆ ಅದು. ರೈಲ್ವೆ ನೌಕರನೂ ಅಲ್ಲದ, ಅಧಿಕೃತ ಏಜೆಂಟನೂ ಅಲ್ಲದ ವ್ಯಕ್ತಿ ಟಿಕೆಟ್ ಕೊಂಡು ಒದಗಿಸುವ ವ್ಯಾಪಾರ ನಡೆಸಿದರೆ ಅದು ಅನ್ವಯಿಸುತ್ತದೆ. ವ್ಯಾಪಾರ ಎಂಬುದೇ ಅಲ್ಲಿನ ತಿರುಳು. ಓಣಿಯ ಅಜ್ಜಿಗೆ ಟಿಕೆಟ್ ಮಾಡಿಸಿಕೊಟ್ಟ ಶಾಲಾ ಮಾಸ್ತರರಿಗೆ ಇದರಿಂದ ಅಂಜಿಕೆಯಿಲ್ಲ. ಟಿಕೆಟಿಗೆ ಇಷ್ಟು ಎಂದು ಮೇಲ್ದುಡ್ಡು ತೆಗೆದುಕೊಂಡು ದಿನವೂ ಅದನ್ನೇ ಕಸುಬು ಮಾಡಿಕೊಂಡ, ಏಜೆಂಟ್ ಪರವಾನಗಿ ಇಲ್ಲದ ಅಂಗಡಿಯವನಿಗೆ ಖಂಡಿತ ಇದೆ.

2025ರ ಜನವರಿ 9ರಂದು ನ್ಯಾಯಮೂರ್ತಿಗಳಾದ ದೀಪಂಕರ್ ದತ್ತಾ ಮತ್ತು ಪ್ರಶಾಂತ್ ಕುಮಾರ್ ಮಿಶ್ರಾ ಅವರ ಸುಪ್ರೀಂ ಕೋರ್ಟ್ ಪೀಠ ಇಂಥ ಎರಡು ಪ್ರಕರಣಗಳಲ್ಲಿ ಒಟ್ಟಿಗೆ ತೀರ್ಪು ಕೊಟ್ಟಿತು. ಮೊದಲನೆಯದು ಕೇರಳದ ಕೊಟ್ಟಾಯಂನದು. ಆರೋಪಿ ಅಧಿಕೃತ ಏಜೆಂಟನಲ್ಲ. ನಕಲಿ ಯೂಸರ್ ಐಡಿಗಳನ್ನು ಸೃಷ್ಟಿಸಿ ಇ-ಟಿಕೆಟ್ ಕೊಂಡು ಮಾರಿದ ಎಂಬ ದೂರು. ಕಾಯ್ದೆ ಇಂಟರ್‌ನೆಟ್ಟಿಗಿಂತ ಹಳೆಯದು, ಇ-ಟಿಕೆಟಿಗೆ ಅನ್ವಯಿಸದು ಎಂಬ ನೆಲೆಯಲ್ಲಿ ಕೇರಳ ಹೈಕೋರ್ಟ್ ಪ್ರಕರಣ ರದ್ದು ಮಾಡಿತ್ತು. ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಟಿಕೆಟ್ ಕಾಗದದ್ದಾಗಲಿ, ಇ-ಟಿಕೆಟ್ ಆಗಲಿ, ಅನಧಿಕೃತ ವ್ಯಾಪಾರ ಅನಧಿಕೃತವೇ, ಆತ ವಿಚಾರಣೆ ಎದುರಿಸಲಿ ಎಂದಿತು. ಎರಡನೆಯ ಪ್ರಕರಣದಲ್ಲಿ ಆರೋಪಿ ಅಧಿಕೃತ ಏಜೆಂಟ್. ಆತನ ಮೇಲಿದ್ದ ದೂರು, ನಿಯಮ ಮೀರಿ ಹಲವು ಯೂಸರ್ ಐಡಿ ಬಳಸಿದ ಎಂಬುದು. ಇಲ್ಲಿ ಕೋರ್ಟ್ ಪ್ರಕರಣವನ್ನೇ ರದ್ದು ಮಾಡಿತು. 143ನೇ ಸೆಕ್ಷನ್ ಶಿಕ್ಷಿಸುವುದು ಅನಧಿಕೃತ ಏಜೆಂಟರನ್ನು, ಅಧಿಕೃತ ಏಜೆಂಟನ ನಿಯಮಬಾಹಿರ ನಡೆಯನ್ನಲ್ಲ. ಹಲವು ಐಡಿಗಳ ಬಗ್ಗೆ ಆ ಸೆಕ್ಷನ್ ಏನನ್ನೂ ಹೇಳುವುದಿಲ್ಲ. ಆತ ಕರಾರಿನ ಷರತ್ತು ಮುರಿದಿದ್ದರೆ ಅದಕ್ಕೆ ಸಿವಿಲ್ ದಾರಿ ಇದೆ.

ಒಂದೇ ತೀರ್ಪು, ಒಂದೇ ಜಾಲತಾಣ, ಹೆಚ್ಚುಕಡಿಮೆ ಒಂದೇ ಬಗೆಯ ಕೃತ್ಯ. ಆದರೂ ಒಬ್ಬ ವಿಚಾರಣೆಗೆ, ಒಬ್ಬ ಮನೆಗೆ. ಕಾರಣ, ಮೊದಲನೆಯವನ ಮೇಲಿದ್ದದ್ದು ಸಂಸತ್ತು ಬರೆದ ಕಾನೂನನ್ನು ಮೀರಿದ ಆರೋಪ. ಎರಡನೆಯವನದು ನಿಯಮ-ಕರಾರು ಮೀರಿದ ಆರೋಪ ಮಾತ್ರ. ಗಂಗಾವತಿಗೆ ರೈಲು ಬಂದಿದೆ, 2025ರಲ್ಲಿ ಗದಗ–ವಾಡಿ ಮಾರ್ಗದ ಕೆಲಸ ಮುಂದುವರಿದು ಕುಷ್ಟಗಿಗೂ ಬಂತು. ಟಿಕೆಟ್ ಮಾಡಿಸುವ ಅಂಗಡಿಗಳು ಇನ್ನೂ ಹೆಚ್ಚಲಿವೆ. ಅವರು ಏಜೆಂಟ್ ನೋಂದಣಿ ಮಾಡಿಸಿಕೊಳ್ಳುವುದು ಈ ತೀರ್ಪಿನ ನಂತರ ತೀರಾ ಅಗತ್ಯ.

ಹಾಗಾದರೆ ಅಂಚು ಹರಿದ ಆ ನೋಟ್‌ಬುಕ್ಕು? ಮಾಹಿತಿ ತಂತ್ರಜ್ಞಾನ ಕಾಯ್ದೆಯ 66-ಸಿ ಸೆಕ್ಷನ್ ಇನ್ನೊಬ್ಬರ ಪಾಸ್‌ವರ್ಡನ್ನು ಅಪ್ರಾಮಾಣಿಕವಾಗಿ ಬಳಸಿದವರಿಗೆ ಮೂರು ವರ್ಷದವರೆಗೆ ಸಜೆ ಹೇಳುತ್ತದೆ. ಅಕ್ಕ ತಾನಾಗಿ ಹೇಳಿ, ತನ್ನ ಎದುರೇ ಟಿಕೆಟ್ ಮಾಡಿಸಿಕೊಂಡರೆ ಅಲ್ಲಿ ಅಪ್ರಾಮಾಣಿಕತೆ ಇಲ್ಲ, ಜಾಲತಾಣದ ಷರತ್ತು ಏನೇ ಹೇಳಲಿ. ಅದೇ ಹುಡುಗ ರಾತ್ರಿ ಅದೇ ಪಾಸ್‌ವರ್ಡಿನಿಂದ ಆಕೆಗೆ ತಿಳಿಯದಂತೆ ಬೇರೆಯವರಿಗೆ ಟಿಕೆಟ್ ಮಾರಿದರೆ ಅದು ಅಪರಾಧ. ಪುಸ್ತಕ ಒಂದೇ, ಸಾಲು ಒಂದೇ. ಈ ವ್ಯತ್ಯಾಸವನ್ನು ಠಾಣೆಯಲ್ಲಿ ದೂರು ಬರೆದುಕೊಳ್ಳುವ ಅಧಿಕಾರಿ ಕಾಣಬೇಕು. ಗಿರಾಕಿಯ ಪರವಾಗಿಯೂ ಕಾಯ್ದೆಯಲ್ಲಿ ಒಂದು ಸೆಕ್ಷನ್ ಇದೆ. ಕರಾರಿನ ಮೇಲೆ ಸೇವೆ ಕೊಡುವವರು, ಆ ಸೇವೆಯಿಂದ ಕೈಗೆ ಬಂದ ವೈಯಕ್ತಿಕ ಮಾಹಿತಿಯನ್ನು ನಷ್ಟ ಮಾಡುವ ಉದ್ದೇಶದಿಂದ ಇಲ್ಲವೆ ನಷ್ಟವಾದೀತೆಂದು ತಿಳಿದೂ ಕರಾರು ಮುರಿದು ಬೇರೆಯವರಿಗೆ ಕೊಟ್ಟರೆ 72-ಎ ಪ್ರಕಾರ ಅವರಿಗೂ ಜೈಲಿದೆ. ಷರತ್ತು ಮುರಿದ ಬಳಕೆದಾರನ ಬಗ್ಗೆ ಆಗುವಷ್ಟು ಮಾತು ಈ ಸೆಕ್ಷನ್ನಿನ ಬಗ್ಗೆ ಆಗುವುದಿಲ್ಲ. ಆಗಬೇಕು.

ಕರ್ನಾಟಕದಲ್ಲೇ ನಡೆದ ಎರಡು ಘಟನೆಗಳು ಈ ಗೆರೆಯ ಎರಡು ಬದಿಯನ್ನು ತೋರುತ್ತವೆ.

2015ರ ಜೂನ್. ಬೆಂಗಳೂರಿನ ತಂತ್ರಜ್ಞ ತೇಜೇಶ್ ಜಿ.ಎನ್. ತಮ್ಮ ಜಾಲಪುಟವನ್ನು ಏರ್‌ಟೆಲ್ 3ಜಿ ಮೂಲಕ ನೋಡಿದಾಗ, ತಾವು ಬರೆಯದ ಕೋಡಿನ ಸಾಲೊಂದು ಪುಟದೊಳಗೆ ಸೇರಿಕೊಂಡಿರುವುದನ್ನು ಕಂಡರು. ಅದರ ಚಿತ್ರ, ವಿವರಗಳನ್ನು ಕೋಡು ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್‌ನಲ್ಲಿ ಎಲ್ಲರಿಗೂ ಕಾಣುವಂತೆ ಇಟ್ಟರು. ಕೆಲವೇ ದಿನಗಳಲ್ಲಿ ಇಸ್ರೇಲ್ ಮೂಲದ ಫ್ಲ್ಯಾಶ್ ನೆಟ್‌ವರ್ಕ್ಸ್ ಕಂಪನಿಯ ಪರವಾಗಿ ವಕೀಲರ ನೋಟಿಸ್ ಬಂತು. ಆ ಕೋಡು ತಮ್ಮದು, ಅದನ್ನು ಬಹಿರಂಗ ಮಾಡಿದ್ದು ಮಾಹಿತಿ ತಂತ್ರಜ್ಞಾನ ಕಾಯ್ದೆ, ದಂಡ ಸಂಹಿತೆಯಡಿ ಅಪರಾಧ ಎಂಬ ಬೆದರಿಕೆ ಅದರಲ್ಲಿತ್ತು. ಅಮೆರಿಕದ ಕೃತಿಸ್ವಾಮ್ಯ ಕಾನೂನಿನ ನೋಟಿಸಿನಿಂದ ಗಿಟ್‌ಹಬ್ ಪುಟವೂ ಮರೆಯಾಯಿತು. ಗ್ರಾಹಕರು ಎಷ್ಟು ಡೇಟಾ ಬಳಸಿದರೆಂದು ತಿಳಿಸಲು ಅಂಥ ವ್ಯವಸ್ಥೆ ಇದೆ ಎಂದ ಏರ್‌ಟೆಲ್, ನೋಟಿಸಿನಿಂದ ದೂರ ಸರಿಯಿತು. ತನ್ನ ಮನೆಯ ಗೋಡೆಗೆ ಯಾರೋ ಅಂಟಿಸಿದ ಚೀಟಿಯನ್ನು ಊರಿಗೆ ತೋರಿಸಿದವನ ಮೇಲೆ, ಚೀಟಿ ನಮ್ಮದು ಎಂದು ಅಂಟಿಸಿದವರೇ ಕೇಸು ಹಾಕುವುದಾಗಿ ಹೆದರಿಸಿದಂತೆ ಅದು. ಜನರ ಹಿತಕ್ಕಾಗಿ ಪರೀಕ್ಷಿಸುವವರ ಮೇಲೆ ಕ್ರಿಮಿನಲ್ ಸೆಕ್ಷನ್ನುಗಳು ಹೇಗೆ ಕೋಲಾಗುತ್ತವೆ ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ.

ಎರಡನೆಯದು 2017ರದು. ಬೆಂಗಳೂರಿನಲ್ಲಿದ್ದ, ಐಐಟಿ ಖರಗ್‌ಪುರದಲ್ಲಿ ಓದಿದ್ದ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರು ಆಧಾರ್ ವಿವರ ಪರಿಶೀಲಿಸುವ ಆ್ಯಪ್ ಮಾಡಿ ಪ್ಲೇ ಸ್ಟೋರಿನಲ್ಲಿಟ್ಟಿದ್ದರು. ಆಧಾರ್ ಪ್ರಾಧಿಕಾರ ಜುಲೈನಲ್ಲಿ ದೂರು ಕೊಟ್ಟಿತು. ಆಗಸ್ಟ್ ಮೊದಲ ವಾರದ ಹೊತ್ತಿಗೆ ಕೇಂದ್ರ ಅಪರಾಧ ವಿಭಾಗದ ಪೊಲೀಸರು ಅವರನ್ನು ಬಂಧಿಸಿದ್ದರು. ಪೊಲೀಸರು ಹೇಳಿದ ಪ್ರಕಾರ, ಸರ್ಕಾರಿ ಆಸ್ಪತ್ರೆಗಳಿಗಾಗಿ ಮಾಡಿದ್ದ ಇ-ಹಾಸ್ಪಿಟಲ್ ವ್ಯವಸ್ಥೆಯ ಸರ್ವರ್ ಮೂಲಕ ಆ ಆ್ಯಪ್ ಆಧಾರ್ ದತ್ತಾಂಶವನ್ನು ತಲುಪುತ್ತಿತ್ತು. ಜಾಹೀರಾತಿನಿಂದ ಅವರಿಗೆ ಬಂದದ್ದು ಸುಮಾರು ನಲವತ್ತು ಸಾವಿರ ರೂಪಾಯಿ. ಇದನ್ನು ಬರೀ ಷರತ್ತಿನ ಉಲ್ಲಂಘನೆ ಎನ್ನಲಾಗದು. ಬೇರೊಂದು ವ್ಯವಸ್ಥೆಗೆ ಕೊಟ್ಟಿದ್ದ ದಾರಿಯನ್ನು ಅನುಮತಿಯಿಲ್ಲದೆ ಬಳಸಿದ ಆರೋಪ ಅದು. ಆಧಾರ್ ಕಾಯ್ದೆಯಲ್ಲೇ ಅದಕ್ಕೆ ಪ್ರತ್ಯೇಕ ಶಿಕ್ಷೆಯಿದೆ. ಆದರೆ ಆ ದಾರಿಯನ್ನು ಬೀಗವಿಲ್ಲದೆ ಬಿಟ್ಟವರ ಹೊಣೆ ಏನು ಎಂಬ ಪ್ರಶ್ನೆಗೆ ಬಂಧನದ ಸುದ್ದಿಯಷ್ಟು ಪ್ರಚಾರ ಸಿಗಲಿಲ್ಲ.

ಅಮೆರಿಕ ಈ ಹಾದಿಯಲ್ಲಿ ನಮಗಿಂತ ಮೊದಲೇ ನಡೆದು ಎಡವಿದೆ. 2006ರಲ್ಲಿ ಮಿಸೌರಿ ರಾಜ್ಯದ 13 ವರ್ಷದ ಹುಡುಗಿಯೊಬ್ಬಳು, ಮೈಸ್ಪೇಸ್ ಜಾಲತಾಣದಲ್ಲಿ ಹುಡುಗನ ಹೆಸರಿನ ನಕಲಿ ಖಾತೆಯಿಂದ ನೋವುಂಡು ಪ್ರಾಣ ಕಳೆದುಕೊಂಡಳು. ಖಾತೆಯ ಹಿಂದೆ ನೆರೆಮನೆಯ ವಯಸ್ಕ ಮಹಿಳೆಯ ಪಾತ್ರವಿತ್ತು. ಸ್ಥಳೀಯವಾಗಿ ಯಾವ ಕಾನೂನೂ ಹೊಂದದಿದ್ದಾಗ, ಮೈಸ್ಪೇಸ್ ಸರ್ವರುಗಳಿದ್ದ ಕ್ಯಾಲಿಫೋರ್ನಿಯಾದ ಫೆಡರಲ್ ಪ್ರಾಸಿಕ್ಯೂಟರರು 1986ರ ಕಂಪ್ಯೂಟರ್ ವಂಚನೆ ಕಾಯ್ದೆಯಡಿ ಪ್ರಕರಣ ಹೂಡಿದರು. ಸುಳ್ಳು ಹೆಸರು ಕೊಡಬಾರದು ಎಂಬ ಷರತ್ತು ಮುರಿದದ್ದೇ ಅಪರಾಧ ಎಂಬುದು ವಾದ. ಜ್ಯೂರಿ ಕೆಳದರ್ಜೆಯ ಅಪರಾಧದಲ್ಲಿ ತಪ್ಪಿತಸ್ಥೆ ಎಂದಿತು. ಆದರೆ ನ್ಯಾಯಾಧೀಶ ಜಾರ್ಜ್ ವೂ 2009ರಲ್ಲಿ ಅದನ್ನು ತಳ್ಳಿಹಾಕಿದರು. ಹೀಗೆ ಓದಿದರೆ ವಯಸ್ಸು, ಎತ್ತರ ಸುಳ್ಳು ಬರೆದವರೆಲ್ಲ ಅಪರಾಧಿಗಳಾಗುತ್ತಾರೆ, ಕಾನೂನಿನ ಅರ್ಥವನ್ನು ಜಾಲತಾಣದ ಮಾಲೀಕ ನಿರ್ಧರಿಸಿದಂತಾಗುತ್ತದೆ ಎಂಬುದು ಅವರ ಆತಂಕ. ಆ ಮಗುವಿನ ಸಾವಿನ ಮುಂದೆ ಇಂಥ ಮಾತು ಕಠೋರವಾಗಿ ಕೇಳಬಹುದು. ಆದರೆ ಆಕೆಗೆ ನ್ಯಾಯ ಸಿಗಬೇಕಾದದ್ದು ಕ್ರೌರ್ಯವನ್ನು ಕ್ರೌರ್ಯವೆಂದೇ ಕರೆಯುವ ಕಾನೂನಿನಿಂದ. ಇಂದು ಇಲ್ಲಿ ಅಂಥದೇನಾದರೂ ನಡೆದರೆ ಸೋಗು ಹಾಕಿ ವಂಚಿಸುವುದಕ್ಕೆ 66-ಡಿ ಇದೆ, ಮಗುವನ್ನು ಸಾವಿಗೆ ದೂಡಿದವರಿಗೆ ಭಾರತೀಯ ನ್ಯಾಯ ಸಂಹಿತೆಯಲ್ಲಿ ಕಠಿಣ ಶಿಕ್ಷೆಯಿದೆ. ಷರತ್ತುಪತ್ರ ಹುಡುಕಿಕೊಂಡು ಹೋಗಬೇಕಿಲ್ಲ.

ಆರನ್ ಸ್ವಾರ್ಟ್ಸ್ ಹೆಸರನ್ನು ಇಲ್ಲಿ ಬಿಡುವಂತಿಲ್ಲ. ಎಂಐಟಿಯ ಜಾಲದ ಮೂಲಕ ಜೆಸ್ಟೋರ್ ಸಂಗ್ರಹದಿಂದ ಲಕ್ಷಾಂತರ ವಿದ್ವತ್ ಲೇಖನ ಇಳಿಸಿಕೊಂಡ ಆರೋಪದ ಮೇಲೆ 2011ರಲ್ಲಿ ಬಂಧನಕ್ಕೊಳಗಾದ ಯುವಕ. ಜೆಸ್ಟೋರ್ ಆತನೊಡನೆ ರಾಜಿ ಮಾಡಿಕೊಂಡು ಸುಮ್ಮನಾಯಿತು, ಸರ್ಕಾರ ಸುಮ್ಮನಾಗಲಿಲ್ಲ. ಆರೋಪಗಳು ಹದಿಮೂರಕ್ಕೇರಿದವು. 2013ರ ಜನವರಿಯಲ್ಲಿ, 26ನೇ ವಯಸ್ಸಿನಲ್ಲಿ ಆತ ಜೀವ ಕಳೆದುಕೊಂಡ. ಕೊನೆಗೆ 2021ರ ಜೂನ್ 3ರಂದು ವ್ಯಾನ್ ಬ್ಯೂರನ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 6–3 ಬಹುಮತದಿಂದ ಅದೇ 1986ರ ಕಾಯ್ದೆಯ ಹಳೆಯ ಅರ್ಥವನ್ನು ಕಿರಿದುಗೊಳಿಸಿತು. ಒಳಗೆ ಹೋಗಲು ಅನುಮತಿ ಇದ್ದವನು ನಿಯಮಕ್ಕೆ ಹೊರತಾದ ಉದ್ದೇಶಕ್ಕೆ ಮಾಹಿತಿ ನೋಡಿದನೆಂಬ ಮಾತ್ರಕ್ಕೆ ಆ ಕಾಯ್ದೆ ಅನ್ವಯಿಸದು ಎಂದಿತು. ಮರುವರ್ಷ ಅಲ್ಲಿನ ನ್ಯಾಯ ಇಲಾಖೆಯೂ ಬರಿಯ ಷರತ್ತು ಉಲ್ಲಂಘನೆಗೆ ಮೊಕದ್ದಮೆ ಹೂಡುವುದಿಲ್ಲವೆಂದು ನೀತಿ ಪ್ರಕಟಿಸಿತು.

ಕರಾರು ಮುರಿದವನನ್ನು ಜೈಲಿಗೆ ಕಳಿಸುವುದು ಭಾರತಕ್ಕೆ ಹೊಸದಲ್ಲ, ಮತ್ತು ಆ ಅನುಭವ ಕಹಿಯದು. 1837ರಲ್ಲಿ ಮೆಕಾಲೆ ನೇತೃತ್ವದ ಆಯೋಗ ದಂಡ ಸಂಹಿತೆಯ ಕರಡು ಬರೆದಾಗ, ಕರಾರು ಮುರಿಯುವುದು ಸಾಮಾನ್ಯವಾಗಿ ಸಿವಿಲ್ ದಾವೆಯ ವಿಷಯ ಎಂಬ ತತ್ವವನ್ನು ಒಪ್ಪಿತ್ತು. ಕೆಲವು ವಿನಾಯಿತಿಗಳಷ್ಟೇ ಉಳಿದವು. ನಡುದಾರಿಯಲ್ಲಿ ಪ್ರಯಾಣಿಕನನ್ನು ಬಿಟ್ಟು ಓಡಿಹೋಗುವ ಪಲ್ಲಕ್ಕಿ ಹೊರುವವನದು ಅಂಥದೊಂದು. ಆದರೆ ಯುರೋಪಿಯನ್ ಮಾಲೀಕರಿಗೆ ಅಷ್ಟು ಸಾಲಲಿಲ್ಲ. 1859ರಲ್ಲಿ ಕೆಲಸಗಾರರ ಕರಾರು ಉಲ್ಲಂಘನೆ ಕಾಯ್ದೆ ಬಂತು. ಮುಂಗಡ ಪಡೆದ ಕೂಲಿಯಾಳು ಕೆಲಸ ಬಿಟ್ಟರೆ ಮಾಲೀಕ ಮ್ಯಾಜಿಸ್ಟ್ರೇಟರ ಬಳಿ ಹೋಗಬಹುದಿತ್ತು, ಆಳು ಮೂರು ತಿಂಗಳವರೆಗೆ ಸೆರೆಮನೆ ಸೇರಬಹುದಿತ್ತು. ಕೊಡಗಿನ ಕಾಫಿ ತೋಟಗಳಲ್ಲಿ ಈ ಕಾಯ್ದೆ ಬಳಕೆಯಲ್ಲಿತ್ತು. ಕೊಪ್ಪಳ, ಯಲಬುರ್ಗಾ ಆಗ ನಿಜಾಮರ ರಾಜ್ಯದ ಸಾಲಾರ್ ಜಂಗ್ ಜಾಗೀರಿನಲ್ಲಿದ್ದುದರಿಂದ ಬ್ರಿಟಿಷರ ಆ ಕಾಯ್ದೆ ಇಲ್ಲಿಗೆ ಸೇರಿದ್ದಲ್ಲ. ಮುಂಗಡಕ್ಕೆ ಕಟ್ಟುಬಿದ್ದ ಜೀತ ಇಲ್ಲಿಯವರಿಗೆ ಬೇರೆ ಹಾದಿಯಿಂದ ಗೊತ್ತು. ಹೆಬ್ಬೆಟ್ಟು ಒತ್ತಿದ ಆ ಕಾಗದವನ್ನು ಆಳು ಓದಿರಲಿಲ್ಲ, ಓದಿದ್ದರೂ ಒಂದಕ್ಷರ ಬದಲಿಸುವ ಶಕ್ತಿ ಇರಲಿಲ್ಲ. 1925ರಲ್ಲಿ ಆ ಕಾಯ್ದೆ ರದ್ದಾಯಿತು. ಪಲ್ಲಕ್ಕಿಯ ಸೆಕ್ಷನ್ನೂ ಆಗಲೇ ಹೋಯಿತು. ಅಸಹಾಯಕರ ಆರೈಕೆಯ ಕರಾರು ಮುರಿಯುವುದೊಂದು ಮಾತ್ರ ಅಪರಾಧವಾಗಿ ಉಳಿದು, ಇಂದಿನ ನ್ಯಾಯ ಸಂಹಿತೆಯ 357ನೇ ಸೆಕ್ಷನ್ ಆಗಿದೆ. 1837ರಿಂದ ಸುಮಾರು ತೊಂಬತ್ತು ವರ್ಷ ಹಿಡಿದು ನಾವು ಕೈಬಿಟ್ಟ ಪದ್ಧತಿಯನ್ನು ಟಿಕ್ ಗುರುತಿನ ಮೂಲಕ ಮತ್ತೆ ಒಳಗೆ ಬಿಟ್ಟುಕೊಳ್ಳುವುದು ಯಾವ ದೃಷ್ಟಿಯಿಂದಲೂ ಸರಿಯಲ್ಲ.

ಮಕ್ಕಳ ಮಾತು ಬೇರೆಯೇ. ಇನ್‌ಸ್ಟಾಗ್ರಾಂ ಖಾತೆಗೆ 13 ವರ್ಷ ಆಗಿರಬೇಕು. ಹುಟ್ಟಿದ ವರ್ಷ ಹೆಚ್ಚುಕಡಿಮೆ ಮಾಡಿ ಖಾತೆ ತೆರೆದ ಆರನೆಯ ತರಗತಿಯ ಮಕ್ಕಳು ಪ್ರತಿ ಊರಲ್ಲೂ ಇದ್ದಾರೆ. ಅಪ್ರಾಪ್ತರು ಮಾಡಿಕೊಂಡ ಕರಾರು ಕರಾರೇ ಅಲ್ಲ ಎಂದು ಪ್ರಿವಿ ಕೌನ್ಸಿಲ್ 1903ರಲ್ಲೇ ಹೇಳಿದೆ. ಮನೆಯವರು ತಿಳಿಹೇಳಬೇಕಾದ ವಿಷಯ ಅದು, ಪೊಲೀಸರದಲ್ಲ.

ಇಷ್ಟಾದರೂ ಸಿವಿಲ್ ಜಗಳಗಳು ಠಾಣೆಯ ಮೆಟ್ಟಿಲೇರುವುದು ಯಾಕೆ? ಕರ್ನಾಟಕದವರೇ ಆದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ 2006ರಲ್ಲಿ ಇಂಡಿಯನ್ ಆಯಿಲ್ ಪ್ರಕರಣದ ತೀರ್ಪು ಬರೆಯುವಾಗ ಇದರ ಬೇರನ್ನು ಗುರುತಿಸಿದ್ದರು. ಸಿವಿಲ್ ಪರಿಹಾರ ತಡವಾಗುತ್ತದೆ ಎಂಬ ಭಾವನೆಯಿಂದ ಜನ ಕ್ರಿಮಿನಲ್ ದೂರಿನ ಒತ್ತಡ ಹಾಕುತ್ತಾರೆ, ಅದನ್ನು ತಡೆಯಬೇಕು ಎಂದಿದ್ದರು. ಜಾಲತಾಣದ ತಕರಾರಿನಲ್ಲಿ ತಡದ ಜೊತೆಗೆ ದೂರವೂ ಸೇರಿದೆ. 43ನೇ ಸೆಕ್ಷನ್ನಿನ ಪರಿಹಾರವನ್ನು, ಐದು ಕೋಟಿ ರೂಪಾಯಿವರೆಗಿನ ಕ್ಲೇಮುಗಳನ್ನು, ತೀರ್ಮಾನಿಸುವ ನಿರ್ಣಾಯಕ ಅಧಿಕಾರಿ ಎಂದರೆ ರಾಜ್ಯದ ಮಾಹಿತಿ ತಂತ್ರಜ್ಞಾನ ಕಾರ್ಯದರ್ಶಿ. ಅವರು ಕೂರುವುದು ಬೆಂಗಳೂರಿನಲ್ಲಿ. ಕ್ರಿಮಿನಲ್ ದೂರಿಗಾದರೆ ಕೊಪ್ಪಳದಲ್ಲೇ ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ ಸಿಇಎನ್ ಠಾಣೆ ಇದೆ. ಕುಷ್ಟಗಿಯ ವ್ಯಾಪಾರಿಯ ಅಂಗಡಿ ಖಾತೆಯನ್ನು ಹಳೆಯ ಗುಮಾಸ್ತ ಬಳಸಿಕೊಂಡ ಎನ್ನೋಣ. ಆತ ಬೆಂಗಳೂರಿಗೆ ಅಲೆಯುತ್ತಾನೋ, ಠಾಣೆಗೆ ಹೋಗುತ್ತಾನೋ?

ಆರೋಪ ಹೊತ್ತವರಿಗೂ ಕಾನೂನಿನಲ್ಲಿ ರಕ್ಷಣೆಯಿದೆ, ಅದನ್ನು ಕೇಳಿ ಪಡೆಯಬೇಕು. 66ನೇ ಸೆಕ್ಷನ್ ಜಾಮೀನು ಸಿಗುವ ಅಪರಾಧ. ತನಿಖೆ ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿನವರು ಮಾಡುವಂತಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 173(3) ಪ್ರಕಾರ, ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ ಡಿವೈಎಸ್‌ಪಿ ಅನುಮತಿ ಪಡೆದು, ಹದಿನಾಲ್ಕು ದಿನದೊಳಗೆ ಪ್ರಾಥಮಿಕ ವಿಚಾರಣೆ ಮಾಡಿ, ಮೇಲ್ನೋಟಕ್ಕೆ ಪ್ರಕರಣವಿದೆಯೇ ಎಂದು ನೋಡಬಹುದು. ಷರತ್ತು ಮುರಿದ ದೂರುಗಳಿಗೆ ಹೇಳಿ ಮಾಡಿಸಿದಂಥ ಅವಕಾಶ ಇದು. ಅಕ್ರಮ ಲಾಭದ ಉದ್ದೇಶ ಎಲ್ಲಿದೆ ಎಂದು ಆ ಹದಿನಾಲ್ಕು ದಿನಗಳಲ್ಲಿ ಕೇಳಿದರೆ ಎಷ್ಟೋ ಎಫ್‌ಐಆರ್ ಹುಟ್ಟುವುದೇ ಇಲ್ಲ. ದಾಖಲಾದ ಮೇಲೂ ಧಾರವಾಡದ ಹೈಕೋರ್ಟ್ ಪೀಠದಲ್ಲಿ ರದ್ದು ಕೋರಬಹುದು. ಆದರೆ ದಿನಗೂಲಿ ಲೆಕ್ಕದಲ್ಲಿ ಬದುಕುವ ಸೆಂಟರಿನ ಹುಡುಗನಿಗೆ ಧಾರವಾಡದ ವಕೀಲರ ಫೀಜೇ ಒಂದು ಶಿಕ್ಷೆ.

ಹಾಗಾಗಿ ಸರ್ಕಾರದ ಮುಂದೆ ಇಡಬೇಕಾದ ಬೇಡಿಕೆ ದೊಡ್ಡದೇನಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 46ನೇ ಸೆಕ್ಷನ್ ಒಬ್ಬರಿಗಿಂತ ಹೆಚ್ಚು ನಿರ್ಣಾಯಕ ಅಧಿಕಾರಿಗಳನ್ನು ನೇಮಿಸಿ, ಅವರ ವ್ಯಾಪ್ತಿ, ಸ್ಥಳ ಗೊತ್ತುಪಡಿಸಲು ಕೇಂದ್ರಕ್ಕೆ ಅವಕಾಶ ಕೊಟ್ಟಿದೆ. ಕಲ್ಯಾಣ ಕರ್ನಾಟಕಕ್ಕೆ ಕಲಬುರಗಿಯಲ್ಲಿ ಒಬ್ಬರನ್ನು ಕೂರಿಸಲಿ, ತಿಂಗಳಿಗೊಮ್ಮೆ ಅವರು ಕೊಪ್ಪಳಕ್ಕೂ ಬಂದು ಅರ್ಜಿ ಕೇಳಲಿ, ಅರ್ಜಿ ನಮೂನೆ ಕನ್ನಡದಲ್ಲಿರಲಿ. ಈ ಜಿಲ್ಲೆಯ ವಕೀಲರ ಸಂಘಗಳು ಕೇಳಿದರೆ ಅದಕ್ಕೆ ತೂಕ ಬರುತ್ತದೆ.